ಕಿಲೋಮೀಟರ್ ಕಮ್ಮಿ, ಆಯಿಲ್ ಹಳತು: ಮಲೆನಾಡಿನ ಕಾರಿಗೆ ಎಂಜಿನ್ ಆಯಿಲ್ ಲೆಕ್ಕ

ಕಾರಿನ ಜೊತೆ ಬರುವ ಪುಸ್ತಕದಲ್ಲಿ ಆಯಿಲ್ ಬದಲಿಸಲು ಎರಡು ಗಡುವು ಕೊಟ್ಟಿರುತ್ತಾರೆ. ಮಾರುತಿ, ಹ್ಯುಂಡೈ ಪೆಟ್ರೋಲ್ ಕಾರುಗಳಿಗೆ ಸಾಮಾನ್ಯವಾಗಿ 10,000 ಕಿ.ಮೀ. ಅಥವಾ 12 ತಿಂಗಳು. ಸ್ಕೋಡಾ, ಫೋಕ್ಸ್‌ವ್ಯಾಗನ್‌ಗೆ 15,000 ಕಿ.ಮೀ. ಅಥವಾ 12 ತಿಂಗಳು. ‘ಯಾವುದು ಮೊದಲೋ ಅದು’ ಎಂದು ಪಕ್ಕದಲ್ಲೇ ಬರೆದಿದ್ದರೂ ಜನ ನೆನಪಿಡುವುದು ಕಿಲೋಮೀಟರನ್ನು ಮಾತ್ರ. ತೀರ್ಥಹಳ್ಳಿ, ಹೊಸನಗರದ ಕಡೆಯ ತೋಟದ ಮನೆಯ ಕಾರು ವರ್ಷಕ್ಕೆ ನಾಲ್ಕು ಸಾವಿರ ಕಿಲೋಮೀಟರ್ ಓಡಿದರೆ ಹೆಚ್ಚು. ಹತ್ತು ಸಾವಿರ ಆಗಲಿ ಎಂದು ಕಾದರೆ ಒಂದೇ ಆಯಿಲ್ ಎರಡೂವರೆ ವರ್ಷ ಎಂಜಿನ್ನಿನೊಳಗೆ ಕೂತು, ಎರಡು ಮೂರು ಮಳೆಗಾಲ ಕಂಡಿರುತ್ತದೆ.

ಅದೇ ಪುಸ್ತಕದ ಹಿಂದಿನ ಪುಟಗಳಲ್ಲಿ ‘ಕಠಿಣ ಬಳಕೆ’ ಎಂಬ ಇನ್ನೊಂದು ಪಟ್ಟಿ ಇರುತ್ತದೆ. ಚಿಕ್ಕ ಚಿಕ್ಕ ಓಡಾಟ, ಧೂಳು ಅಥವಾ ಕೆಸರಿನ ರಸ್ತೆ, ಏರು ದಾರಿ, ಭಾರ ಹೇರುವುದು, ನಿಂತಲ್ಲೇ ಎಂಜಿನ್ ಓಡಿಸುವುದು. ಇಂಥ ಬಳಕೆಗೆ ಗಡುವನ್ನು ಬಹುತೇಕ ಕಂಪನಿಗಳು ಅರ್ಧದಷ್ಟು ಇಳಿಸುತ್ತವೆ. ಆ ಪಟ್ಟಿ ಬರೆದವರು ಮಲೆನಾಡು ನೋಡಿಲ್ಲದಿರಬಹುದು, ಆದರೆ ಬರೆದಿರುವುದು ಮಲೆನಾಡಿನ ಬಗ್ಗೆಯೇ. ಹಾಗಾಗಿ ಇಲ್ಲಿ ಕೇಳಬೇಕಾದ ಪ್ರಶ್ನೆ ಕಾರು ಎಷ್ಟು ದೂರ ಓಡಿತು ಎಂಬುದಲ್ಲ. ಎಷ್ಟು ಗಂಟೆ ಓಡಿತು, ಎಷ್ಟು ಸಲ ಪೂರ್ತಿ ಬಿಸಿಯಾಗದೆ ನಿಂತಿತು ಎಂಬುದು.

ಚಿಕ್ಕ ಓಡಾಟದಲ್ಲಿ ಆಯಿಲ್ ಕೆಡುವ ಬಗೆ

ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರಿನಷ್ಟೇ ನೀರು ಆವಿಯ ರೂಪದಲ್ಲಿ ಹುಟ್ಟುತ್ತದೆ. ಹೆಚ್ಚಿನದು ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ, ಸ್ವಲ್ಪ ಮಾತ್ರ ಪಿಸ್ಟನ್ ರಿಂಗುಗಳ ಸಂದಿಯಿಂದ ಕೆಳಗಿಳಿದು ಆಯಿಲ್ ಸೇರುತ್ತದೆ. ಎಂಜಿನ್ ತಣ್ಣಗಿರುವಾಗ ಪೆಟ್ರೋಲ್ ಸಿಂಪಡಣೆಯೂ ಹೆಚ್ಚಿರುವುದರಿಂದ ಉರಿಯದೆ ಉಳಿದದ್ದು ಸಿಲಿಂಡರ್ ಗೋಡೆ ಹಿಡಿದು ಸಂಪಿಗೆ, ಅಂದರೆ ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿಗೆ, ಜಾರುತ್ತದೆ. ಈ ಎರಡೂ ಹೊರಬೀಳಬೇಕಾದರೆ ಆಯಿಲ್ 90ರಿಂದ 100 ಡಿಗ್ರಿವರೆಗೆ ಕಾದು ಸ್ವಲ್ಪ ಹೊತ್ತು ಆ ಬಿಸಿಯಲ್ಲೇ ಇರಬೇಕು. ಆಗ ಏಳುವ ಆವಿಯನ್ನು ಪಿಸಿವಿ ವಾಲ್ವ್ ಎಳೆದುಕೊಂಡು ಮತ್ತೆ ಎಂಜಿನ್ನಿಗೇ ಕೊಟ್ಟು ಸುಡಿಸುತ್ತದೆ.

ಇಲ್ಲಿ ಒಂದು ಮೋಸವಿದೆ. ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳು ತೋರಿಸುವುದು ಕೂಲೆಂಟಿನ (ಎಂಜಿನ್ ತಣಿಸುವ ದ್ರವದ) ಬಿಸಿಯನ್ನು, ಆಯಿಲಿನದ್ದಲ್ಲ. ಮುಳ್ಳು ನಡುವಿಗೆ ಬಂದ ಮೇಲೂ ಆಯಿಲ್ ಸರಿಯಾಗಿ ಕಾಯಲು ಇನ್ನೂ ಹತ್ತು ಹದಿನೈದು ನಿಮಿಷ ಬೇಕು. ಜುಲೈ ಜಡಿಮಳೆಯಲ್ಲಿ ರಸ್ತೆಯ ನೀರು ಸಂಪಿಗೆ ಎರಚುತ್ತಿದ್ದರೆ ಇನ್ನಷ್ಟು ಹೊತ್ತು. ಮನೆಯಿಂದ ಡೈರಿಗೆ ಮೂರು ಕಿಲೋಮೀಟರ್, ಅಲ್ಲಿಂದ ಶಾಲೆಗೆ ಎರಡು, ಕೊಳೆ ಔಷಧಿ ಹೊಡೆಯುವವರನ್ನು ಕರೆತರಲು ಇನ್ನೊಂದು ಸುತ್ತು: ದಿನಕ್ಕೆ ನಾಲ್ಕು ಸಲ ಸ್ಟಾರ್ಟ್ ಮಾಡಿದರೂ ಆಯಿಲ್ ಒಂದು ಸಲವೂ ಪೂರ್ತಿ ಬಿಸಿಯಾಗಿರುವುದಿಲ್ಲ.

ಉಳಿದ ನೀರು ಉರಿದ ಇಂಧನದ ಅವಶೇಷಗಳ ಜೊತೆ ಸೇರಿ ಆಮ್ಲವಾಗುತ್ತದೆ. ಆಮ್ಲ ತಡೆಯಲು ಆಯಿಲಿನಲ್ಲಿ ಕ್ಷಾರ ಗುಣದ ರಾಸಾಯನಿಕ ಬೆರೆಸಿರುತ್ತಾರೆ. ಅದು ದಿನ ಕಳೆದಂತೆ ಖರ್ಚಾಗುತ್ತದೆ, ಮತ್ತೆ ತುಂಬಿಕೊಳ್ಳುವುದಿಲ್ಲ. ಸಂಪಿನಲ್ಲಿ ಬೆರೆತ ಪೆಟ್ರೋಲ್ ಆಯಿಲನ್ನು ತೆಳುವಾಗಿಸುತ್ತದೆ, ಬೇರಿಂಗಿನ ಮೇಲಿನ ಆಯಿಲ್ ಪದರ ಸವಕಲಾಗುತ್ತದೆ. ಈಗ ಬಂಕುಗಳಲ್ಲಿ ಸಿಗುವ ಎಥನಾಲ್ ಬೆರೆತ ಪೆಟ್ರೋಲ್ ತಣ್ಣನೆಯ ಎಂಜಿನ್ನಿನಲ್ಲಿ ಬೇಗ ಆವಿಯಾಗುವುದಿಲ್ಲ, ಎಥನಾಲ್ ನೀರನ್ನೂ ಹೀರಿಕೊಳ್ಳುತ್ತದೆ. ಚಿಕ್ಕ ಓಡಾಟದವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕೊನೆಗೆ ಕಾಣಿಸಿಕೊಳ್ಳುವುದು ವಾಲ್ವ್ ಕವರಿನ ಒಳಗೆ ಕಪ್ಪು ಗಸಿ, ಆಯಿಲ್ ಪಂಪಿನ ಜಾಲರಿ ಅರ್ಧ ಕಟ್ಟಿರುವುದು, ಬೆಳಗಿನ ಸ್ಟಾರ್ಟಿನಲ್ಲಿ ಟೈಮಿಂಗ್ ಚೈನಿನ ಕರಕರ ಸದ್ದು. ಸದ್ದು ಬರುವ ಹೊತ್ತಿಗೆ ಆಯಿಲ್ ಬದಲಿಸಿ ಪ್ರಯೋಜನ ಕಡಿಮೆ.

ಸಿಂಥೆಟಿಕ್ ಹಾಕಿಸಿದ್ದೇವೆ, ಎರಡು ವರ್ಷ ಚಿಂತೆಯಿಲ್ಲ ಎನ್ನುವವರಿದ್ದಾರೆ. ಸಿಂಥೆಟಿಕ್ ಆಯಿಲ್ ಬಿಸಿಗೆ ಬೇಗ ಕೆಡುವುದಿಲ್ಲ, ನಿಜ. ಆದರೆ ಸಂಪಿಗೆ ಇಳಿಯುವ ನೀರು, ಪೆಟ್ರೋಲ್ ಎರಡಕ್ಕೂ ಅದು ಸಿಂಥೆಟಿಕ್ಕೋ ಮಿನರಲ್ಲೋ ಎಂಬ ಭೇದವಿಲ್ಲ.

ಗಂಟೆಯ ಲೆಕ್ಕ

ಟ್ರ್ಯಾಕ್ಟರ್ ಇಟ್ಟವರಿಗೆ ಇದು ಹೊಸದಲ್ಲ. ಹಲವು ಟ್ರ್ಯಾಕ್ಟರುಗಳ ಆಯಿಲ್ ಗಡುವು 250 ಗಂಟೆ. ಎಷ್ಟು ಎಕರೆ ಉತ್ತಿರಿ ಎಂದು ಯಾರೂ ಕೇಳುವುದಿಲ್ಲ. ಕಾರಿಗೂ ಅದನ್ನೇ ಹಿಡಿಯಬಹುದು. ಶಿವಮೊಗ್ಗದಿಂದ ಬೆಂಗಳೂರಿಗೆ ಗಂಟೆಗೆ ಸರಾಸರಿ 50 ಕಿ.ಮೀ. ವೇಗದಲ್ಲಿ ಹೋಗಿಬರುವ ಕಾರು 10,000 ಕಿ.ಮೀ. ಓಡಲು ಎಂಜಿನ್ 200 ಗಂಟೆ ತಿರುಗಿರುತ್ತದೆ. ತೋಟದ ರಸ್ತೆ, ಪೇಟೆಯ ಸಂತೆ, ಘಾಟಿಯ ತಿರುವುಗಳಲ್ಲಿ ಸರಾಸರಿ 22ಕ್ಕೆ ಇಳಿಯುವ ಕಾರಿಗೆ ಅದೇ 10,000 ಕಿ.ಮೀ.ಗೆ 450 ಗಂಟೆ ದಾಟುತ್ತದೆ. ಮೀಟರಿನಲ್ಲಿ ಎರಡೂ ಒಂದೇ ಅಂಕಿ.

ಲೆಕ್ಕ ಹಾಕುವುದು ಸುಲಭ. ಹೆಚ್ಚಿನ ಹೊಸ ಕಾರುಗಳ ಡಿಸ್‌ಪ್ಲೇಯಲ್ಲಿ ಸರಾಸರಿ ವೇಗ ಕಾಣುತ್ತದೆ. ಟ್ರಿಪ್ ಮೀಟರ್ ‘ಬಿ’ ಸೊನ್ನೆ ಮಾಡಿ, ಎಂದಿನಂತೆ ಒಂದು ತಿಂಗಳು ಓಡಿಸಿ. ಬಂದ ಸರಾಸರಿಯನ್ನು 250ರಿಂದ ಗುಣಿಸಿ. ಸರಾಸರಿ 20 ಇದ್ದರೆ 5,000 ಕಿ.ಮೀ., 24 ಇದ್ದರೆ 6,000, 30 ಇದ್ದರೆ 7,500. ಉತ್ತರ ಪುಸ್ತಕದ ಗಡುವನ್ನು ಮೀರಿದರೆ ಪುಸ್ತಕದ್ದೇ ಅಂತಿಮ. 50 ಸರಾಸರಿಗೆ 12,500 ಬಂತೆಂದು ಅಲ್ಲಿಯವರೆಗೆ ಎಳೆಯುವಂತಿಲ್ಲ, ವಾರಂಟಿ ಕೈಬಿಡುತ್ತದೆ. ಬೇಗ ಬದಲಿಸಿದರೆ ವಾರಂಟಿಗೆ ತೊಂದರೆಯಿಲ್ಲ. ಡಿಸ್‌ಪ್ಲೇ ಇಲ್ಲದ ಹಳೆಯ ಕಾರಾದರೆ ಒಂದು ವಾರ ಸ್ಟಾರ್ಟ್ ಮಾಡಿದ ಮತ್ತು ಆಫ್ ಮಾಡಿದ ಸಮಯ ಬರೆದಿಡಿ, ಓಡಿದ ಕಿಲೋಮೀಟರನ್ನು ಒಟ್ಟು ಗಂಟೆಯಿಂದ ಭಾಗಿಸಿ. ಜೋಗದ ಪಾರ್ಕಿಂಗಿನಲ್ಲಿ ಪ್ರವಾಸಿಗರಿಗಾಗಿ ಎಸಿ ಹಾಕಿ ಕಾಯುವ ಟ್ಯಾಕ್ಸಿಯವರು ಆ ಹೊತ್ತನ್ನೂ ಸೇರಿಸಬೇಕು.

250 ಎಂಬುದು ಕಂಪನಿ ಕೊಟ್ಟ ಅಂಕಿಯಲ್ಲ, ಮಲೆನಾಡಿನ ಬಳಕೆಗೆ ಹೊಂದುವ ಅಂದಾಜು. ಇದರ ಜೊತೆ ಇನ್ನೊಂದು ನಿಯಮ ಇಟ್ಟುಕೊಳ್ಳಿ: ವಾರದ ಓಡಾಟಗಳಲ್ಲಿ ಅರ್ಧಕ್ಕಿಂತ ಹೆಚ್ಚು 8–10 ಕಿ.ಮೀ. ಒಳಗಿದ್ದರೆ, ಲೆಕ್ಕ ಏನೇ ಹೇಳಲಿ, ಆರು ತಿಂಗಳಿಗೊಮ್ಮೆ ಬದಲಿಸಬೇಕು.

ಯಾರ ಕಾರಿಗೆ ಎಷ್ಟು

ದಿನವೂ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಕೆಲಸಕ್ಕೆ ಹೋಗಿಬರುವ ಕಾರಿನ ಮೀಟರ್ ಓಡುವುದು ನೋಡಿ ಮಾಲೀಕರು ಹೆದರುತ್ತಾರೆ. ಹೆದರಬೇಕಾಗಿಲ್ಲ. ಒಂದು ದಿಕ್ಕಿಗೆ ಸುಮಾರು 60 ಕಿ.ಮೀ., ಆಯಿಲ್ ಪೂರ್ತಿ ಕಾಯುತ್ತದೆ, ನೀರು ಆವಿಯಾಗುತ್ತದೆ. ಇಂಥ ಕಾರಿಗೆ ಪುಸ್ತಕದ 10,000 ಕಿ.ಮೀ. ಸಾಕು, 5,000ಕ್ಕೇ ಬದಲಿಸಿ ಎನ್ನುವ ಗ್ಯಾರೇಜಿನವರ ಮಾತಿಗೆ ದುಡ್ಡು ಸುರಿಯಬೇಡಿ.

ಅದರ ತದ್ವಿರುದ್ಧ, ಕೊಟ್ಟಿಗೆ ಪಕ್ಕದ ಚಪ್ಪರದಲ್ಲಿ ನಿಂತಿರುವ ಕಾರು. ಮಕ್ಕಳು ಬೆಂಗಳೂರಿನಲ್ಲಿ, ಅಪ್ಪ ಅಮ್ಮ ವಾರಕ್ಕೊಮ್ಮೆ ಬ್ಯಾಟರಿ ಇಳಿಯದಿರಲಿ ಎಂದು ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುತ್ತಾರೆ. ಎಂಜಿನ್ನಿಗೆ ಇದಕ್ಕಿಂತ ಕೆಟ್ಟ ಉಪಚಾರ ಕಡಿಮೆ: ಪ್ರತಿ ಸಲ ಒಂದಿಷ್ಟು ನೀರು, ಒಂದಿಷ್ಟು ಪೆಟ್ರೋಲ್ ಸಂಪಿಗೆ ಇಳಿಯುತ್ತದೆ, ಏನೂ ಹೊರಗೆ ಹೋಗುವುದಿಲ್ಲ. ಹದಿನೈದು ದಿನಕ್ಕೊಮ್ಮೆ 20–25 ಕಿ.ಮೀ. ಓಡಿಸಿ ತನ್ನಿ, ಇಲ್ಲವೇ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ ಸುಮ್ಮನೆ ಬಿಡಿ. ಮೀಟರಿನಲ್ಲಿ ಸಾವಿರ ಕಿಲೋಮೀಟರೇ ಇದ್ದರೂ ವರ್ಷಕ್ಕೊಮ್ಮೆ ಆಯಿಲ್, ಫಿಲ್ಟರ್ ಎರಡೂ ಬದಲಾಗಬೇಕು. ಬಾನೆಟ್ ತೆಗೆದಾಗ ಏರ್ ಫಿಲ್ಟರ್ ಪೆಟ್ಟಿಗೆಯನ್ನೂ ತೆರೆದು ನೋಡಿ. ಇಲಿ ಗೂಡು ಕಟ್ಟುವುದು ಅಲ್ಲೇ.

ಅಡಿಕೆ ಮೂಟೆ, ಗೊಬ್ಬರ, ಕೂಲಿಯವರನ್ನು ಹೊತ್ತು ಏರು ಹತ್ತುವ ಪಿಕಪ್ಪು, ಜೀಪುಗಳಿಗೆ 5,000ರಿಂದ 7,500 ಕಿ.ಮೀ. ಸರಿಯಾದ ಅಂತರ. ಇಲ್ಲಿ ನೀರಿನ ತೊಂದರೆ ಕಡಿಮೆ, ಬಿಸಿ ಮತ್ತು ಮಸಿಯದ್ದು ಹೆಚ್ಚು. ಹುಲಿಕಲ್ ಅಥವಾ ಆಗುಂಬೆಯನ್ನು ಭಾರ ಹೊತ್ತು ಎರಡನೇ ಗೇರಿನಲ್ಲಿ ಏರುವಾಗ ಎಂಜಿನ್ ಹೆಚ್ಚು ದುಡಿಯುತ್ತದೆ, ಮುಂದಿನಿಂದ ಗಾಳಿ ಮಾತ್ರ ಕಡಿಮೆ ಬರುತ್ತದೆ. ಜನವರಿಯಿಂದ ಮೇವರೆಗೆ ಕೆಂಪು ಧೂಳು ಬೇರೆ. ಏರ್ ಫಿಲ್ಟರಿನ ಅಂಚು ಸರಿಯಾಗಿ ಕೂರದಿದ್ದರೆ ಆ ಧೂಳು ಆಯಿಲ್ ಸೇರಿ ರಿಂಗುಗಳನ್ನು ಉಜ್ಜುತ್ತದೆ. ಆಮೇಲೆ ಎಷ್ಟು ಬೇಗ ಆಯಿಲ್ ಬದಲಿಸಿದರೂ ಸವೆದದ್ದು ಬರುವುದಿಲ್ಲ. ಕಂಪ್ರೆಸರಿನಲ್ಲಿ ಜೋರಾಗಿ ಗಾಳಿ ಹೊಡೆದು ಫಿಲ್ಟರ್ ಕಾಗದ ಹರಿಯುವುದಕ್ಕಿಂತ ಹೊಸದು ಹಾಕುವುದು ಅಗ್ಗ.

ಘಾಟಿ ಇಳಿಯುವಾಗ ಎಂಜಿನ್ ಬ್ರೇಕಿಂಗಿನಿಂದ ಆಯಿಲ್ ಕೆಡುತ್ತದೆ ಎಂದು ನ್ಯೂಟ್ರಲ್ಲಿನಲ್ಲಿ ಇಳಿಸುವವರೂ ಇದ್ದಾರೆ. ಇದು ತಪ್ಪು ಮಾತ್ರವಲ್ಲ, ಅಪಾಯ ಕೂಡ. ಗೇರಿನಲ್ಲೇ ಇಳಿಸಿ. ಆದರೆ ಒಂದನ್ನು ಗಮನಿಸಿ: ಆಗುಂಬೆಯ 14 ತಿರುವು ಇಳಿದು ಸೋಮೇಶ್ವರದಲ್ಲಿ ಆಕ್ಸಿಲರೇಟರ್ ಒತ್ತಿದ ಕೂಡಲೇ ಹಿಂದಿನಿಂದ ನೀಲಿ ಹೊಗೆ ಒಮ್ಮೆ ಬುಸ್ಸೆಂದರೆ ವಾಲ್ವ್ ಸೀಲುಗಳು ಸವೆದಿವೆ. ಇಳಿಯುವಾಗ ಉಂಟಾಗುವ ನಿರ್ವಾತ ಅಲ್ಲಿಂದ ಆಯಿಲ್ ಎಳೆದಿರುತ್ತದೆ. ಅಂಥ ಕಾರಿನಲ್ಲಿ ಬದಲಾವಣೆಗಿಂತ ಮಟ್ಟ ನೋಡುವುದು ಮುಖ್ಯ, ವಾರಕ್ಕೊಮ್ಮೆ.

ಏಪ್ರಿಲ್ 2020ರ ನಂತರದ ಬಿಎಸ್6 ಡೀಸೆಲ್ ಕಾರುಗಳದ್ದು ಬೇರೆಯೇ ಕತೆ. ಸೈಲೆನ್ಸರ್ ದಾರಿಯಲ್ಲಿರುವ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ತುಂಬಿದಾಗ, ಮಸಿ ಸುಡಲು ಹೆಚ್ಚುವರಿ ಡೀಸೆಲ್ ಸಿಂಪಡಿಸಲಾಗುತ್ತದೆ. ಒಂದೇ ಸಮನೆ 15–20 ನಿಮಿಷ ಓಡಿದರೆ ಅದು ಪೂರ್ತಿಯಾಗುತ್ತದೆ. ಶಿವಮೊಗ್ಗ–ಭದ್ರಾವತಿಯಂಥ ರಸ್ತೆಯಲ್ಲಿ ಆಗುತ್ತದೆ. ಮನೆಯಿಂದ ಪೇಟೆಗೆ ಆರು ಕಿಲೋಮೀಟರ್ ಹೋಗಿ ಆಫ್ ಮಾಡಿದರೆ ಅರ್ಧಕ್ಕೇ ನಿಲ್ಲುತ್ತದೆ. ಉರಿಯದ ಡೀಸೆಲ್ ಸಂಪಿಗೆ ಇಳಿದು ಆಯಿಲ್ ಮಟ್ಟ ಏರುತ್ತದೆ. ‘ನಮ್ಮ ಗಾಡಿ ಆಯಿಲ್ ಕುಡಿಯೋದೇ ಇಲ್ಲ, ಜಾಸ್ತಿಯೇ ಆಗಿದೆ’ ಎಂದು ಖುಷಿ ಪಡುವವರು ಇದನ್ನು ತಿಳಿಯಬೇಕು. ಮಟ್ಟ ಡಿಪ್‌ಸ್ಟಿಕ್ಕಿನ (ಆಯಿಲ್ ಮಟ್ಟ ನೋಡುವ ಕಡ್ಡಿಯ) ಎಫ್ ಗುರುತು, ಅಂದರೆ ಗರಿಷ್ಠ ಮಟ್ಟ, ದಾಟಿದರೆ ಸ್ವಲ್ಪ ಹೊರತೆಗೆದು ಸಮಾಧಾನಪಟ್ಟುಕೊಳ್ಳಬೇಡಿ, ಪೂರ್ತಿ ಬದಲಿಸಿ. ತೀರಾ ಹೆಚ್ಚಿದರೆ ಆವಿ ಹೋಗುವ ಬ್ರೀದರ್ ಪೈಪಿನಿಂದ ಅದೇ ಆಯಿಲನ್ನು ಎಳೆದುಕೊಂಡು, ಕೀ ತೆಗೆದರೂ ನಿಲ್ಲದೆ ಎಂಜಿನ್ ಓಡಿಬಿಡಬಹುದು. ಚಿಕ್ಕ ಓಡಾಟವೇ ಹೆಚ್ಚಿರುವ ಮನೆಗೆ ಈ ಡೀಸೆಲ್ ಕಾರು ತಕ್ಕದ್ದಲ್ಲ.

ಯುಗಾದಿ, ಆಯುಧ ಪೂಜೆ

ವರ್ಷಕ್ಕೊಮ್ಮೆ ಬದಲಿಸುವವರು ಯಾವ ತಿಂಗಳು ಆರಿಸಬೇಕು? ಮೇ ಕೊನೆಯಲ್ಲಿ, ಮಳೆಗೆ ಮುಂಚೆ ಎನ್ನುವುದು ರೂಢಿ. ಮಲೆನಾಡಿನಲ್ಲಿ ಮಳೆ ಮುಗಿದ ಮೇಲೆ ಬದಲಿಸುವುದೇ ಸರಿ. ವರ್ಷಕ್ಕೆ 7,000 ಮಿ.ಮೀ. ದಾಟುವ ಆಗುಂಬೆಯ ಮಳೆ ಎಲ್ಲ ಊರಿಗೂ ಇಲ್ಲದಿದ್ದರೂ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಯಿಲಿಗೆ ಸೇರುವ ನೀರು, ಆಮ್ಲ ಎಲ್ಲೂ ಹೆಚ್ಚೇ. ಅದನ್ನು ಮುಂದಿನ ಎಂಟು ತಿಂಗಳು ಎಂಜಿನ್ನಿನಲ್ಲಿ ಇಟ್ಟುಕೊಳ್ಳುವುದಕ್ಕಿಂತ ಮಳೆಗಾಲದ ಕೊನೆಗೆ ಹೊರಹಾಕುವುದು ಲೇಸು. ಆಯುಧ ಪೂಜೆಗೆ ಹೇಗೂ ಕಾರು ತೊಳೆಯುತ್ತೀರಿ, ಆ ವಾರವೇ ಆಯಿಲನ್ನೂ ಬದಲಿಸಿ. ಆರು ತಿಂಗಳ ಲೆಕ್ಕದವರಿಗೆ ಇನ್ನೊಂದು ದಿನ ಯುಗಾದಿ. ಪಂಚಾಂಗದಲ್ಲಿ ಎರಡರ ನಡುವೆ ಹೆಚ್ಚು ಕಡಿಮೆ ಆರು ತಿಂಗಳೇ.

ಡಿಪ್‌ಸ್ಟಿಕ್ ಹೇಳುವುದು

ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಐದು ಹತ್ತು ನಿಮಿಷ ಕಾಯಿರಿ. ನಮ್ಮ ಅಂಗಳಗಳು ಇಳಿಜಾರು, ಅಲ್ಲಿ ನೋಡಿದ ಮಟ್ಟ ನಂಬುವಂತಿಲ್ಲ. ಕಡ್ಡಿ ಎಳೆದು ಒರೆಸಿ, ಪೂರ್ತಿ ತೂರಿಸಿ ಮತ್ತೆ ಎಳೆಯಿರಿ. ಎಲ್ (ಕನಿಷ್ಠ) ಮತ್ತು ಎಫ್ ಗುರುತಿನ ನಡುವೆ ಹೆಚ್ಚಿನ ಕಾರುಗಳಲ್ಲಿ ಸುಮಾರು ಒಂದು ಲೀಟರ್ ಅಂತರ.

ಬಣ್ಣ ನೋಡಿ ತೀರ್ಮಾನಿಸಬೇಡಿ. ಡೀಸೆಲ್ ಎಂಜಿನ್ನಿನಲ್ಲಿ ಹೊಸ ಆಯಿಲ್ ಕೆಲವೇ ನೂರು ಕಿಲೋಮೀಟರಿಗೆ ಕಪ್ಪಾಗುತ್ತದೆ. ಮಸಿಯನ್ನು ಹಿಡಿದಿಟ್ಟಿದೆ ಎಂದರ್ಥ, ಅದು ಅದರ ಕೆಲಸ. ಮೂಗಿಗೆ ಹಿಡಿದು ನೋಡಿ. ಪೆಟ್ರೋಲ್ ವಾಸನೆ ಗಾಢವಾಗಿದ್ದರೆ ಗಡುವು ಕಾಯಬೇಡಿ. ಆಯಿಲ್ ತುಂಬುವ ಮುಚ್ಚಳದ ಒಳಗೆ ಮಳೆಗಾಲದಲ್ಲಿ ಹಾಲುಬಣ್ಣದ ನೊರೆ ಕಂಡರೆ ಗಾಬರಿ ಬೇಡ, ತೇವ ತಣಿದು ಕೂತಿದೆ ಅಷ್ಟೇ. ಒರೆಸಿ, ಒಂದು ಉದ್ದ ಓಟ ಓಡಿಸಿ. ಅದೇ ಬಣ್ಣ ಡಿಪ್‌ಸ್ಟಿಕ್ಕಿನಲ್ಲೂ ಇದ್ದು ಕೂಲೆಂಟ್ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಅಥವಾ ಆಯಿಲ್ ಕೂಲರ್ ಸೋರುತ್ತಿದೆ. ಕಾರು ಹಳ್ಳ ದಾಟುವಾಗ ಎಂಜಿನ್ ಮಟ್ಟಕ್ಕೆ ನೀರು ಬಂದಿದ್ದರೆ ಸ್ಟಾರ್ಟ್ ಮಾಡುವುದಕ್ಕೆ ಮೊದಲೇ ಈ ಪರೀಕ್ಷೆ ಆಗಬೇಕು.

ಇನ್ನೂ ಅನುಮಾನವಿದ್ದರೆ ಬಿಸಿ ಆಯಿಲಿನ ಒಂದು ಹನಿಯನ್ನು ಬಿಳಿ ಫಿಲ್ಟರ್ ಕಾಗದಕ್ಕೆ ಬಿಟ್ಟು, ಲೋಟದ ಬಾಯಿಯ ಮೇಲೆ ಇಟ್ಟು ರಾತ್ರಿ ಬಿಡಿ. ಮಸಿ ನಡುವಿನಿಂದ ಅಂಚಿಗೆ ನಿಧಾನವಾಗಿ ತಿಳಿಯಾಗುತ್ತ ಹರಡಿದ್ದರೆ ಆಯಿಲಿನಲ್ಲಿ ಇನ್ನೂ ಸತ್ವವಿದೆ. ನಡುವೆ ದಟ್ಟ ಕಪ್ಪು ಬೊಟ್ಟು, ಅದರ ಅಂಚು ಕತ್ತರಿಸಿದಂತೆ ಸ್ಪಷ್ಟವಾಗಿದ್ದರೆ ಮಸಿ ಹಿಡಿದಿಡುವ ಶಕ್ತಿ ಮುಗಿದಿದೆ. ಆಮ್ಲ ಎಷ್ಟಿದೆ ಎಂಬುದನ್ನು ಮಾತ್ರ ಈ ಪರೀಕ್ಷೆ ಹೇಳುವುದಿಲ್ಲ.

ಯಾವ ಆಯಿಲ್

ಪುಸ್ತಕದಲ್ಲಿ ಬರೆದ ದಪ್ಪವೇ ಸರಿ. 0ಡಬ್ಲ್ಯೂ-16, 0ಡಬ್ಲ್ಯೂ-20, 5ಡಬ್ಲ್ಯೂ-30 ಯಾವುದೇ ಇರಲಿ, ‘ಘಾಟಿ ಗಾಡಿಗೆ ದಪ್ಪ ಇರಲಿ’ ಎಂದು 20ಡಬ್ಲ್ಯೂ-50 ಸುರಿಯಬೇಡಿ. ಸಣ್ಣ ಸಂದಿಗಳ ಹೊಸ ಎಂಜಿನ್ನಿನ ಮೇಲ್ಭಾಗಕ್ಕೆ ಅದು ಬೇಗ ತಲುಪುವುದಿಲ್ಲ. ಹಳೆಯ ಜೀಪಿನ ಮಾತು ಬೇರೆ. ಟರ್ಬೋ ಪೆಟ್ರೋಲಿಗೆ ಎಪಿಐ ಎಸ್‌ಪಿ ದರ್ಜೆ, ಡಿಪಿಎಫ್ ಇರುವ ಡೀಸೆಲ್ ಕಾರಿಗೆ ಕಡಿಮೆ ಬೂದಿಯ ಎಸಿಇಎ ಸಿ2 ಅಥವಾ ಸಿ3 (ಇವು ಡಬ್ಬಿಯ ಮೇಲೆ ಬರೆದಿರುವ ಗುಣಮಟ್ಟದ ಗುರುತುಗಳು), ಪುಸ್ತಕ ಹೇಳಿದ್ದು ನೋಡಿ. ಬೂದಿ ಹೆಚ್ಚಿರುವ ಆಯಿಲ್ ಹಾಕಿದರೆ ಡಿಪಿಎಫ್ ಕಟ್ಟುತ್ತದೆ, ಆ ಬೂದಿ ಸುಟ್ಟು ಹೋಗುವುದಿಲ್ಲ. ಸೀಲ್ ಒಡೆಯದ ಡಬ್ಬಿಯನ್ನೇ ಕೊಳ್ಳಿ, ಬ್ಯಾರಲ್ಲಿನ ಲೂಸ್ ಆಯಿಲ್ ಬೇಡ.

ಬದಲಿಸುವಾಗ

ಸಣ್ಣ ಪೆಟ್ರೋಲ್ ಕಾರಿಗೆ ಫಿಲ್ಟರ್ ಸೇರಿ 3ರಿಂದ 3.5 ಲೀಟರ್, 1.5 ಲೀಟರ್ ಡೀಸೆಲ್ಲಿಗೆ 4.5ರಿಂದ 5.5, ದೊಡ್ಡ ಡೀಸೆಲ್ ಗಾಡಿಗೆ ಆರು ಲೀಟರಿಗೂ ಮೇಲೆ. ನಿಖರ ಅಳತೆ ಪುಸ್ತಕದಲ್ಲಿರುತ್ತದೆ. ಫಿಲ್ಟರ್ ಮತ್ತು ಡ್ರೈನ್ ಬೋಲ್ಟಿನ ವಾಷರ್ ಪ್ರತಿ ಸಲವೂ ಹೊಸದು.

ಎಂಜಿನ್ನನ್ನು ಐದು ನಿಮಿಷ ಓಡಿಸಿ ಬೆಚ್ಚಗೆ ಮಾಡಿ. ಕೈ ಸುಡುವಷ್ಟು ಬೇಡ. ಗಾಡಿಯನ್ನು ರ‍್ಯಾಂಪ್ ಅಥವಾ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ. ತುಂಬುವ ಮುಚ್ಚಳ ತೆರೆದು ಡ್ರೈನ್ ಬೋಲ್ಟ್ ಬಿಚ್ಚಿ, ಹದಿನೈದು ನಿಮಿಷ ಇಳಿಯಲು ಬಿಡಿ. ಹಳೆಯ ಫಿಲ್ಟರ್ ತೆಗೆದಾಗ ಅದರ ರಬ್ಬರ್ ರಿಂಗ್ ಜೊತೆಗೇ ಬಂತೇ ನೋಡಿ. ಅದು ಎಂಜಿನ್ನಿಗೇ ಅಂಟಿಕೊಂಡಿದ್ದು ಮೇಲೆ ಇನ್ನೊಂದು ಕೂತರೆ, ರಸ್ತೆಯಲ್ಲಿ ಕೆಲವೇ ನಿಮಿಷದಲ್ಲಿ ಇಡೀ ಆಯಿಲ್ ಹೊರಗೆ. ಹೊಸ ರಿಂಗಿಗೆ ಆಯಿಲ್ ಸವರಿ, ರಿಂಗ್ ತಾಗಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು ಬಿಗಿಯಿರಿ. ಬೋಲ್ಟಿಗೆ ಸಾಮಾನ್ಯವಾಗಿ 30–40 ನ್ಯೂಟನ್ ಮೀಟರ್ ಸಾಕು. ಪೈಪ್ ಸಿಕ್ಕಿಸಿ ಎಳೆದರೆ ಅಲ್ಯೂಮಿನಿಯಂ ಸಂಪಿನ ಮರೆ (ಬೋಲ್ಟ್ ಕೂರುವ ಥ್ರೆಡ್) ಹೋಗುತ್ತದೆ. ಹೇಳಿದ ಅಳತೆಗಿಂತ ಅರ್ಧ ಲೀಟರ್ ಕಡಿಮೆ ತುಂಬಿ, ಒಂದು ನಿಮಿಷ ಓಡಿಸಿ, ಆಯಿಲ್ ದೀಪ ಆರಿತೇ ನೋಡಿ. ಆಫ್ ಮಾಡಿ ಐದು ನಿಮಿಷ ಬಿಟ್ಟು ಉಳಿದದ್ದನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ. ಎಫ್ ದಾಟಿಸಬೇಡಿ, ತಿರುಗುವ ಕ್ರ್ಯಾಂಕ್ ಆಯಿಲನ್ನು ಕಡೆದು ನೊರೆ ಮಾಡಿದರೆ ಪಂಪಿಗೆ ಗಾಳಿ ಸಿಗುತ್ತದೆ.

ಸುಟ್ಟ ಆಯಿಲನ್ನು ಬೇಲಿ ಗೂಟಕ್ಕೆ ಗೆದ್ದಲು ಹತ್ತದಿರಲಿ ಎಂದು ಬಳಿಯುವುದು ಹಳೆಯ ರೂಢಿ. ಅದರಲ್ಲಿ ಕ್ಯಾನ್ಸರ್ ತರುವ ಪದಾರ್ಥಗಳಿವೆ, ಮೊದಲ ಮಳೆಗೇ ತೊಳೆದು ತೋಟದ ಕಾಲುವೆಗೆ, ಅಲ್ಲಿಂದ ಹಳ್ಳಕ್ಕೆ ಹೋಗುತ್ತದೆ. ಕಾನೂನಿನಲ್ಲೂ ಅದು ಅಪಾಯಕಾರಿ ತ್ಯಾಜ್ಯ. ಹೊಸ ಆಯಿಲಿನ ಖಾಲಿ ಡಬ್ಬಿಗೇ ಸುರಿದು ಮುಚ್ಚಿ, ವೇಸ್ಟ್ ಆಯಿಲ್ ಸಂಗ್ರಹಿಸಿ ಮರುಸಂಸ್ಕರಣೆಗೆ ಕೊಡುವ ಸರ್ವಿಸ್ ಸೆಂಟರಿಗೆ ಕೊಡಿ. ಆಮೇಲೆ ಕಾರಿನ ಅಡಿಗೆ ಹಳೆಯ ರಟ್ಟು ಹಾಸಿ ಒಂದು ರಾತ್ರಿ ನಿಲ್ಲಿಸಿ ನೋಡಿ. ಹನಿ ಬಿದ್ದಿದ್ದರೆ ಬೋಲ್ಟೋ ಫಿಲ್ಟರೋ ಎಂದು ಅಲ್ಲೇ ಗೊತ್ತಾಗುತ್ತದೆ. ಬಾನೆಟ್ಟಿನ ಒಳಗೆ ಒಂದು ಚೀಟಿ ಅಂಟಿಸಿ ದಿನಾಂಕ, ಮೀಟರಿನ ಅಂಕಿ, ಆಯಿಲಿನ ದರ್ಜೆ ಮತ್ತು ಮುಂದಿನ ಬದಲಾವಣೆ ಯುಗಾದಿಗೋ ಆಯುಧ ಪೂಜೆಗೋ ಎಂದು ಬರೆದಿಡಿ.